ಮೂವತ್ತು ಸಾವಿರದ ಮೂವತ್ತೊಂದು

ಅಥವಾ ನಾನು ಆ ಲೆಕ್ಕ ಬಿಡಿಸಿದ್ದು ರೈಲಿನಲ್ಲಲ್ಲ, ಬಸ್ಸಿನಲ್ಲೇ ಇರಬೇಕು. ರೈಲಾದರೆ ನೆನಪಿಗೊಂದು ಲಯ ಸಿಗುತ್ತದೆಂದು ನಾನೇ ಆಮೇಲೆ ಹಳಿ ಹಾಕಿಕೊಂಡಿರಬಹುದು. ಅರವತ್ತರ ದಶಕದಲ್ಲಿ ಹರಿಹರದಿಂದ ದಾವಣಗೆರೆಯ ಶಾಲೆಗೆ ದಿನವೂ ಹೋಗಿಬರುತ್ತಿದ್ದ ಹಂಗಾಮಿ ಗಣಿತ ಟೀಚರಾದ ನನಗೆ, ದಾರಿಯ ಬಾತಿ ಗುಡ್ಡ ಕಾಣುವ ಹೊತ್ತಿಗೆ ಸರಿಯಾಗಿ ಅದರ ಉತ್ತರ ಸಿಕ್ಕಿತೆಂದರೆ ನೀವು ನಂಬಬೇಡಿ. ಭಾಗಾಕಾರವನ್ನು ಮಾತ್ರ ನಂಬಿ.

ನಮ್ಮ ಹೆಡ್‌ಮಾಸ್ತರು ರುದ್ರಪ್ಪನವರು ಅವಿಭಾಜ್ಯ ಸಂಖ್ಯೆಗಳ ಭಕ್ತರು. ಒಂದನ್ನೂ ತನ್ನನ್ನೂ ಬಿಟ್ಟು ಬೇರಾರಿಗೂ ಮಣಿಯದ ಸಂಖ್ಯೆಗಳವು. ಅವರ ಸ್ವಭಾವವೂ ಹೆಚ್ಚುಕಡಿಮೆ ಹಾಗೆಯೇ. ಎರಡರಿಂದ ಮೊದಲುಮಾಡಿ ಅವಿಭಾಜ್ಯಗಳನ್ನು ಸಾಲಾಗಿ ಗುಣಿಸಿ ಒಂದು ಕೂಡಿಸಿದರೆ ಹೊಸ ಅವಿಭಾಜ್ಯವೇ ಹುಟ್ಟುತ್ತದೆಂಬುದು ಅವರ ಸಿದ್ಧಾಂತ. ಏಳು, ಮೂವತ್ತೊಂದು, ಇನ್ನೂರ ಹನ್ನೊಂದು, ಎರಡು ಸಾವಿರದ ಮುನ್ನೂರ ಹನ್ನೊಂದು, ಎಲ್ಲವೂ ಅವರ ಮಾತು ಕೇಳಿದ್ದವು. ಹದಿಮೂರರವರೆಗೆ ಗುಣಿಸಿ ಒಂದು ಕೂಡಿಸಿದಾಗ ಬಂದ 30031ನ್ನು ತರಗತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಕೆಳಗೆ ‘ಅವಿಭಾಜ್ಯ’ ಎಂದು ಹಣೆಬರಹ ಹಾಕಿಸಿದ್ದರು. ಪರೀಕ್ಷಿಸದೆ ಅಲ್ಲ: ಇಡೀ ತರಗತಿ ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳುತ್ತಾ ಭಾಗಿಸಿ ನೋಡಿತ್ತು. ಶಾಲೆಯ ಮಗ್ಗಿ ಇಪ್ಪತ್ತಕ್ಕೆ ನಿಲ್ಲುತ್ತದೆ. ಅದು ನಿಂತಲ್ಲಿ ಸಂಶಯವೂ ನಿಂತಿತು.

ನಾನು ನಿಲ್ಲಲಿಲ್ಲ. ಶಾಲೆಯ ದಾರಿಯುದ್ದಕ್ಕೂ ಇಪ್ಪತ್ತಮೂರು, ಇಪ್ಪತ್ತೊಂಬತ್ತು ಎಂದು ಒಂದೊಂದಾಗಿ ಭಾಗಿಸಿ ದಾಟುತ್ತಾ ಹೋದೆ. ಐವತ್ತೊಂಬತ್ತಕ್ಕೆ ಶೇಷ ಸೊನ್ನೆಯಾಯಿತು. ನನ್ನ ಕೆಲಸ ಕಾಯಂ ಆಗಲು ಹೆಡ್‌ಮಾಸ್ತರು ಶಿಫಾರಸು ಬರೆಯಬೇಕಾಗಿದ್ದದ್ದೂ ಅದೇ ತಿಂಗಳು. ಚಿತ್ರಕಲೆಯ ಮೇಷ್ಟ್ರಿಗೆ ಗುಟ್ಟು ಹೇಳಿದೆ.

“ಕಾಯಂ ಆಗಾ ತನಕ ಸುಮ್ಕಿರಮ್ಮ,” ಎಂದರು ಅವರು. “ಆಮೇಲೆ ಬೇಕಾದ್ರ ಆ ನಂಬರ್ನ ಪುಡಿಪುಡಿ ಮಾಡು.”

ವಿವೇಕದ ಮಾತು. ಆದರೆ ಸುಳ್ಳೆಂದು ಗೊತ್ತಿದ್ದೂ ಆ ಗೋಡೆಯ ಕೆಳಗೆ ನಿಂತು ಪಾಠ ಮಾಡುವುದು ನನ್ನಿಂದಾಗಲಿಲ್ಲ. ಮರುದಿನ ಬೋರ್ಡಿನ ಮೇಲೆ 59 × 509 ಎಂದು ದೊಡ್ಡದಾಗಿ ಬರೆದೆ. ಸುದ್ದಿ ಮುಟ್ಟಿ ರುದ್ರಪ್ಪನವರೇ ಬಂದರು.

“ಅಳಸವ್ವ ಅದನ್ನ. ಐವತ್ತೊಂಬತ್ತರ ಮಗ್ಗಿ ಯಾವ ಮನ್ಯಾಗ ಹೇಳ್ತಾರ?”

“ಯಾರೂ ಹೇಳಲ್ರಿ ಸಾರ್, ಅದಕ್ಕ ಇಷ್ಟು ದಿನ ಸಿಕ್ಕಿಲ್ಲ. ನೀವೇ ಗುಣಿಸಿ ನೋಡ್ರಿ. ತಪ್ಪಿದ್ರ ಅಳಸ್ತೀನಿ.”

ಸೀಮೆಸುಣ್ಣ ಮುಂದೆ ಹಿಡಿದೆ. ಒಂದು ಹೆಜ್ಜೆ ಮುಂದೆಯೇ ಬಂದೆನೆಂದು ನೆನಪು ಹೇಳುತ್ತದೆ. ನೆನಪಿಗೆ ನನ್ನ ಕಡೆಗೇ ಪಕ್ಷಪಾತ. ಅವರು 4581 ಬರೆದರು, ಕೆಳಗೆ 25450 ಬರೆದರು, ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು. ಆಮೇಲೆ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಬೋರ್ಡನ್ನು ಅವರೂ ಅಳಿಸಲಿಲ್ಲ.

ಶಿಫಾರಸು ಹೋಗಲಿಲ್ಲ. ಮರುವರ್ಷ ಹರಿಹರದಲ್ಲೇ ಬೇರೊಂದು ಶಾಲೆ ಸೇರಿದೆ, ಮತ್ತೆ ಹಂಗಾಮಿಯಾಗಿಯೇ. ಪಶ್ಚಾತ್ತಾಪವಿಲ್ಲ; ಇಂದಾದರೂ ಅದನ್ನೇ ಬರೆಯುತ್ತೇನೆ, ಇನ್ನೂ ದಪ್ಪಗೆ. ಆ ಗುಣಾಕಾರವೇ ಶಿಫಾರಸನ್ನು ತಡೆಯಿತೋ, ಕಚೇರಿಯ ಇನ್ಯಾವುದೋ ಕಾರಣವಿತ್ತೋ ತಿಳಿಯದು. ಹಾಗೆ ಗುಣಿಸಿ ಒಂದು ಕೂಡಿಸುತ್ತಾ ಹೋದರೆ ಬರುವ ಉತ್ತರಗಳಲ್ಲಿ ಅವಿಭಾಜ್ಯಗಳು ಕೊನೆಯಿಲ್ಲದೆ ಸಿಗುತ್ತಲೇ ಇರುತ್ತವೆಯೋ, ಎಲ್ಲೋ ಒಂದು ಕಡೆ ಮುಗಿದುಹೋಗುತ್ತವೆಯೋ, ಅದೂ ನನಗೆ ಗೊತ್ತಿಲ್ಲ. ವಿಚಾರಿಸಿದ ಮಟ್ಟಿಗೆ, ಯಾರಿಗೂ ಗೊತ್ತಿಲ್ಲ.