ಚಿಕಲಠಾಣಾದಲ್ಲಿ ಉಳಿದ ದೊಡ್ಡವ್ವ

ನಮ್ಮ ದೊಡ್ಡವ್ವನ ನೆತ್ತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ವರ್ಷಗಟ್ಟಲೆ ಸಿಂಬಿ ಇಟ್ಟು ಕಾಂಕ್ರೀಟಿನ ಬುಟ್ಟಿ ಹೊತ್ತ ಗುರುತು ಅದು. ನನ್ನ ಸಾಲೆಗೆ ಬರುವ ದಿನ ಮಾತ್ರ ಅಲ್ಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದಳು.

ಅವಳು ಅವ್ವನ ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ. ವಿಜಾಪುರದ ಕಡೆಯಿಂದ ಔರಂಗಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕೂಲಿಯಾಳುಗಳ ಟೋಳಿಯಲ್ಲಿ ಅವಳೂ ಇದ್ದಳು. ಒಂದು ಕಟ್ಟಡ ಮುಗಿದರೆ ಮುಂದಿನ ಊರು. ನಾಲ್ಕನೆಯ ಇಯತ್ತೆಗೆ ಬರುವಷ್ಟರಲ್ಲಿ ನಾನು ಮೂರು ಸಾಲೆ ಬದಲಿಸಿದ್ದೆ. ಆ ಚಳಿಗಾಲ ಟೋಳಿಯ ಮೇಸ್ತ್ರಿ ಮುಕಾದಮ ಎಲ್ಲರನ್ನೂ ನಾಸಿಕಕ್ಕೆ ಹೊರಡಿಸಿದ. ಮದುವೆಯಾದವರನ್ನು ಅವನು ಜೋಡಿಯಾಗಿಯೇ ಒಯ್ಯುತ್ತಿದ್ದ. ಅಪ್ಪ ಹೋದರೆ ಅವ್ವನೂ ಹೋಗಲೇಬೇಕು. ಅವ್ವ ನನ್ನ ಪಾಟಿಚೀಲವನ್ನು ಗಂಟಿನಲ್ಲಿ ಕಟ್ಟುತ್ತಿದ್ದಾಗ ದೊಡ್ಡವ್ವ ಬಂದು ಅದನ್ನು ಹೊರಗೆ ತೆಗೆದಿಟ್ಟಳು.

"ಸಸಿ ಒಮ್ಮೆ ಕಿತ್ತು ನಡಬಹುದು. ಕಂಡಕಂಡಾಗ ಕಿತ್ರ ಬೇರು ಹಿಡಿಯೂದಿಲ್ಲ. ಇಕಿ ಇಲ್ಲೇ ಇರಲಿ, ನಾನೂ ಇರ್ತೀನಿ."

ಟೋಳಿ ಬಿಟ್ಟು, ಔರಂಗಾಬಾದಿನ ಅಂಚಿನ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ ಹಿಡಿದಳು. ಪಾಲಕರ ಸಭೆ ಒಂದೂ ತಪ್ಪಿಸಲಿಲ್ಲ. ಮೊದಲ ಸಭೆಯಲ್ಲಿ ಬಾಯಿ, ಅಂದರೆ ನಮ್ಮ ಟೀಚರು, ಮಾರ್ಕಿನ ಹಾಳೆ ಮುಂದಿಟ್ಟರು. ದೊಡ್ಡವ್ವ ಅದನ್ನು ಬದಿಗೆ ಸರಿಸಿ, ಹರಕುಮುರುಕು ಮರಾಠಿಯಲ್ಲಿ, "ಅದು ಆಮ್ಯಾಲೆ ಹೇಳ್ರಿ. ಇಕಿ ಯಾವ ತಾಸಿನ್ಯಾಗ ಗಪ್ ಕೂಡತಾಳ?" ಎಂದು ಕೇಳಿದಳು. ಬಾಯಿ ಸ್ವಲ್ಪ ಯೋಚಿಸಿ, ಗಟ್ಟಿಯಾಗಿ ಓದಿಸುವಾಗ ಎಂದರು. ನಿಜ. ನಾನು ಬಾಯಿ ತೆರೆದರೆ ನನ್ನ ಉಚ್ಚಾರಕ್ಕೆ ಮಕ್ಕಳು ನಗುತ್ತಿದ್ದರು.

ಮರುದಿನದಿಂದ ಸಂಜೆ ಓಣಿಯ ಮರಾಠಿ ಆಜಿಯ ಮನೆಗೆ ಇಬ್ಬರೂ ಹೋಗತೊಡಗಿದೆವು. ದೊಡ್ಡವ್ವ ಆಜಿಗೆ ಮೆಂತ್ಯ ಸೋಸಿ ಕೊಡುವಳು, ನಾನು ಪಾಠ ಓದುವೆ, ಆಜಿ ತಿದ್ದುವಳು. ಸಂಕ್ರಾಂತಿಯ ಹೊತ್ತಿಗೆ ತರಗತಿಯಲ್ಲಿ ಯಾರೂ ನಗುತ್ತಿರಲಿಲ್ಲ.

ಆದರೂ ನನಗೆ ಅವ್ವ ಬೇಕಿತ್ತು. ಒಂದು ಶನಿವಾರ ಸಾಲೆ ಬಿಟ್ಟವಳೇ ಮನೆಗೆ ಹೋಗದೆ ದೊಡ್ಡ ರಸ್ತೆಯಲ್ಲಿ ನಾಸಿಕದ ಬಸ್ಸಿಗೆ ಕಾಯುತ್ತ ನಿಂತೆ. ಹುಡುಕುತ್ತ ಬಂದ ದೊಡ್ಡವ್ವನನ್ನು ಕಂಡು, ಕಪಾಳಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿದೆ.

"ಒಬ್ಬಾಕಿನ ಹ್ಯಾಂಗ ಹೋಗ್ತಿ? ನಡಿ, ಇಬ್ಬರೂ ಹೋಗೂಣು. ಸೋಮವಾರ ಮತ್ತ ಸಾಲ್ಯಾಗ ಇರಬೇಕ ನೋಡು."

ನಾಸಿಕದಲ್ಲಿ ಅವ್ವ ನನ್ನನ್ನು ತಬ್ಬಿಕೊಂಡವಳು ಭಾನುವಾರ ಮಧ್ಯಾಹ್ನವಾದರೂ ಬಿಡಲೊಲ್ಲಳು.

"ಇಲ್ಲೇ ಇರ್ಲಿ ಬಿಡಕ್ಕಾ. ಇಲ್ಲೂ ಸಾಲಿ ಅದಾವು."

"ಬ್ಯಾಸಗಿತನಾ ನೀವರ ಇಲ್ಲಿರ್ತೀರೇನು?"

ಅವ್ವ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು.

"ಅಳಬ್ಯಾಡ ಅಂತ ನಾ ಹೇಳೂದಿಲ್ಲ," ಎಂದಳು ದೊಡ್ಡವ್ವ. "ಅತ್ತು, ಕಳಸು."

ಅವ್ವ ಅತ್ತಳು. ಆಮೇಲೆ ನನ್ನ ತಲೆ ಬಾಚಿ, ಬಿಗಿಯಾಗಿ ಎರಡು ಜಡೆ ಹೆಣೆದು, ತಾನೇ ಬಸ್ ಹತ್ತಿಸಿದಳು. ಅಂದಿನಿಂದ ಭಾನುವಾರಕ್ಕೊಮ್ಮೆ ಮುಕಾದಮನ ಮೊಬೈಲಿನಿಂದ ಫೋನು. ವಾರದಲ್ಲಿ ಕಲಿತದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಹತ್ತನೆಯದು ಮುಗಿಯುವವರೆಗೂ ಹೀಗೇ ನಡೆಯಿತು. ಇಂದು ಔರಂಗಾಬಾದ್ ಸೀಮೆಯ ಗಂಗಾಪುರದ ಹತ್ತಿರದ ಸಾಲೆಯೊಂದರಲ್ಲಿ ನನ್ನನ್ನು ಮಕ್ಕಳು ಬಾಯಿ ಎನ್ನುತ್ತಾರೆ. ದೊಡ್ಡವ್ವ ಅದನ್ನು ನೋಡಲಿಲ್ಲ. ನಾನಿನ್ನೂ ಕಾಲೇಜಿನಲ್ಲಿದ್ದಾಗ ಜ್ವರ ಬಂದು, ಮೂರೇ ದಿನದಲ್ಲಿ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಸಂಜೆ ಅವ್ವ ನನ್ನ ಪಕ್ಕ ಕುಳಿತು, "ಆಕಿ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚಿತ್ತವಾ," ಎಂದಳು. "ಎಂದೂ ಬಾಯಿಬಿಟ್ಟು ಹೇಳಲಿಲ್ಲ."

ನಾನೂ ಅವ್ವನಿಗೆ ಒಂದು ಮಾತು ಹೇಳಿಲ್ಲ. ಎಂಟನೆಯ ಇಯತ್ತೆಯ ಬೇಸಿಗೆ ರಜೆಗೆ ಅವಳು ಕರೆದೊಯ್ಯಲು ಬಂದಾಗ, ಹೋಗಲು ಮನಸ್ಸಿಲ್ಲದೆ ಹೊಟ್ಟೆನೋವೆಂದು ಸುಳ್ಳು ಹೇಳಿದ್ದೆ. ದೊಡ್ಡವ್ವನಿಗೆ ಗೊತ್ತಾಗಿತ್ತು. ನನ್ನ ಬಟ್ಟೆ ಕಟ್ಟಿ, ಅವ್ವನ ಕೈಗೆ ನನ್ನ ಕೈ ಕೊಟ್ಟಳು. ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.