ಬುಟ್ಟಿಗೆ ಹೊದೆಸಿದ ಕಂಬಳಿ

ಮಕ್ಕಳೇ, ನೀವು ಚಾಕೊಲೇಟ್ ತಿನ್ನುವಾಗೆಲ್ಲ ನನಗೆ ಕೋಕೋ ಬೆಳೆಯುತ್ತಿದ್ದ ನಮ್ಮ ನೆರೆಮನೆಯಾಕೆಯ ನೆನಪಾಗುತ್ತದೆ. ಕೋಕೋ ಬೀಜವನ್ನು ಒಣಗಿಸುವ ಮೊದಲು ತಿರುಳಿನ ಸಮೇತ ಬುಟ್ಟಿಯಲ್ಲಿ ಮುಚ್ಚಿಟ್ಟು ಹುಳಿ ಬರಿಸಬೇಕು. ಹುಳಿ ಬಂದರೆ ಬುಟ್ಟಿ ಬಿಸಿಯಾಗುತ್ತದೆ. ಆಕೆ ಬೀಜದ ರಾಶಿಯೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, "ಜ್ವರ ಬಂತು" ಎಂದು ನಗುತ್ತಿದ್ದಳು.

ನಿಮ್ಮ ಅಮ್ಮ ಬಾಳಗಡಿಯ ಕಾಲೇಜಿಗೆ ಹೋಗುತ್ತಿದ್ದ ವರ್ಷ, ಚಳಿಗೆ ಆ ಜ್ವರ ಬರಲೇ ಇಲ್ಲ. ಹಿಂದಿನ ಸಲದ ಬೀಜ ಹುಳಿ ಸಾಲದೆ ಒಳಗೆ ಕಂದು ಬಣ್ಣಕ್ಕೆ ತಿರುಗಿಲ್ಲವೆಂದು ವ್ಯಾಪಾರಿ ಕೊಳ್ಳದೆ ಬಿಟ್ಟುಹೋಗಿದ್ದ.

"ಈ ಸಲವೂ ಹಾಗಾದ್ರೆ ಮರ ಕಡಿಯೋದೇ ಸೈ. ಕಾಯಿ ತಿನ್ನೋ ಮಂಗಕ್ಕೆ ಊಟ ಹಾಕಕ್ಕೆ ಬೆಳೆಸ್ಬೇಕಾ?" ಎಂದು ಆಕೆಯ ಗಂಡ ಕತ್ತಿ ಮಸೆದಿಟ್ಟರು.

ಆಕೆ ಅವರ ಕಂಬಳಿ ತಂದು ಬುಟ್ಟಿಗೆ ಹೊದೆಸಿದಳು.

"ನಾನೆಂತ ಹೊದೆಯೋದು?"

"ನಿಮಗೆ ಬಚ್ಚಲೊಲೆ ಉಂಟಲ್ಲ ಮಾರಾಯ್ರೆ."

ಮರುದಿನ ಬೇಲಿಯಾಚೆಯಿಂದ "ಜ್ವರ ಬಂತು" ಎಂದು ಕೇಳಿಸಿತು, ಜೊತೆಗೆ ಗಂಡನ ಸೀನು.

ಬೀಜ ಒಣಗಿದ ಮೇಲೆ ವ್ಯಾಪಾರಿ ಬಂದು ಒಂದನ್ನು ಸೀಳಿ ನೋಡಿದ. ಒಳಗೆ ಒಳ್ಳೆಯ ಕಂದು ಬಣ್ಣ. ಚೀಲ ಕಟ್ಟಿಸಿಕೊಂಡು ಹೋದ.

ಆಕೆ ಕಂಬಳಿ ಒಗೆದು ತಂದುಕೊಟ್ಟಳು. ಗಂಡ ಮೂಸಿ, ಹೋಗದ ಹುಳಿ ವಾಸನೆಗೆ ಮುಖ ಕಿವುಚಿದರು.

"ಇದು ಬುಟ್ಟಿಗೇ ಇರಲಿ. ನನಗೆ ಬೇರೆ ತಗೊಂಡ್ರಾಯ್ತು" ಎಂದು, ಮಸೆದಿಟ್ಟ ಅದೇ ಕತ್ತಿಯಿಂದ ಕೋಕೋ ಕಾಯಿ ಒಡೆಯಲು ಕೂತರು.