ಮೂಲೆಯ ತಂಬೂರಿ ಮತ್ತು ಈ ವರ್ಷದ ಮೂರು ರೆಕಾರ್ಡುಗಳು

ಮಿರಜದ ನಮ್ಮ ಮನೆಯಲ್ಲಿ ಬೆಳಗಿನ ಸ್ನಾನ, ಚಹಾ ಮುಗಿದ ಮೇಲೆ ರೆಕಾರ್ಡಿನ ಒಂದು ಮಗ್ಗುಲು ಕೇಳುತ್ತೇನೆ. ಒಂದೇ ಮಗ್ಗುಲು, ನಡುವೆ ನಿಲ್ಲಿಸದೆ; ಇನ್ನೊಂದು ಮರುದಿನಕ್ಕೆ. ವರ್ಷದ ಕೊನೆಗೆ ಹೊಸದಾಗಿ ಬಂದವುಗಳಲ್ಲಿ ಯಾವುದು ಕಪಾಟಿನಲ್ಲಿ ಉಳಿಯಬೇಕೆಂದು ನಿರ್ಧರಿಸಿ ಮಿಕ್ಕವನ್ನು ಗೆಳೆಯರಿಗೆ ಹಂಚುತ್ತೇನೆ.

ಈ ವರ್ಷ ಉಳಿದವು ಮೂರು. ಧಾರವಾಡದ ಕಡೆಯ ತರುಣ ಗಾಯಕನ ಮೊದಲ ಆಲ್ಬಮ್ಮಿನಲ್ಲಿ ಅವಸರವಿಲ್ಲದ ತೋಡಿ ಇದೆ. ತಾನಗಳನ್ನು ಸುಮ್ಮನೆ ಚೆಲ್ಲುವುದಿಲ್ಲ. ಎರಡನೆಯದು ಹಳೆಯ ಸಾರಂಗಿ ರೆಕಾರ್ಡಿನ ಮರುಮುದ್ರಣ. ಮೊದಲಿನದರಲ್ಲಿ ತಬಲಾ ಸಾರಂಗಿಯ ಹೆಗಲೇರಿ ಕುಳಿತಿತ್ತು, ಈಗ ಪಕ್ಕಕ್ಕೆ ಸರಿದಿದೆ.

ಮೂರನೆಯದನ್ನು ಹಾಗೆ ತೂಗಿ ಹೇಳಲಾರೆ. ಅದು ನಮ್ಮೂರಿನ ದರ್ಗಾದ ಅಂಗಳದಲ್ಲಿ ನಡೆದ ಕಚೇರಿ. ಹಾಡಿದ ಗಾಯಕಿ, ನಾವೆಲ್ಲ ‘ಬಾಯಿ’ ಎಂದು ಕರೆಯುತ್ತಿದ್ದವರು, ಈಗಿಲ್ಲ. ಅವರ ಹಿಂದೆ ತಂಬೂರಿ ಹಿಡಿದು ಕುಳಿತಿದ್ದ ನನ್ನ ಹೆಂಡತಿಯೂ ಇಲ್ಲ.

ಆ ಕಚೇರಿಯ ಕ್ಯಾಸೆಟ್ ನಮ್ಮಲ್ಲಿತ್ತು. ಹಾಡು ಶುರುವಾಗುವ ಮುನ್ನ, ಶ್ರುತಿ ಹೊಂದಿಸುವಾಗ, ಬಾಯಿ ಹೇಳುತ್ತಾರೆ: "ಪಂಚಮ ಇಳದೈತಿ ನೋಡವಾ."

"ಇಳದಿಲ್ರಿ ಬಾಯಿ, ನಿಮ್ಮ ಕಿವಿನ ಏರೈತಿ," ಎನ್ನುತ್ತಾಳೆ ಇವಳು. ಜನ ನಗುತ್ತಾರೆ.

ಅವಳ ದನಿ ಉಳಿದದ್ದು ಅಷ್ಟೇ. ಸಾಂಗ್ಲಿಯಲ್ಲಿ ಮಗಳ ಮನೆಗೆ ಕೃಷ್ಣೆಯ ನೆರೆ ನುಗ್ಗಿದಾಗ, ಅವಳು ಕೇಳಲು ಒಯ್ದಿದ್ದ ಆ ಕ್ಯಾಸೆಟ್ಟೂ ಹೋಯಿತು.

ನುಡಿಸುವವರು ಹೋದ ಮೇಲೆ ತಂಬೂರಿಯ ತಂತಿ ಸಡಿಲಿಸಿಡಬೇಕು. ಇಲ್ಲದಿದ್ದರೆ ಬಿಗಿತಕ್ಕೆ ಬುರುಡೆಯ ಮೇಲಿನ ಹಲಗೆ ಕುಸಿಯುತ್ತದೆ. ಹೆಂಡತಿಯ ತಂಬೂರಿಯನ್ನು ನಾನು ಸಡಿಲಿಸಲಿಲ್ಲ. ದಿನವೂ ಬೆಳಿಗ್ಗೆ ಬಾಯಿಯ ಷಡ್ಜಕ್ಕೇ ಅದನ್ನು ಹೊಂದಿಸಿ ಮೂಲೆಗಿಡುತ್ತಿದ್ದೆ. ಶ್ರುತಿ ಹೊಂದಿಸಬಲ್ಲೆ, ಹಾಡಿನ ಹಿಂದೆ ನುಡಿಸಲು ನನಗೆ ಬರುವುದಿಲ್ಲ. ಮಗಳು ಬಂದಾಗಲೆಲ್ಲ ಬೈಯುತ್ತಿದ್ದಳು. ಕೊನೆಗೆ, ಹರಿಪುರದಲ್ಲಿರುವ ಮಗಳ ಶಿಷ್ಯೆಗೆ ಅದನ್ನು ಕೊಡಲು ಒಪ್ಪಿದೆ.

ಒಯ್ಯಲು ರವಿವಾರ ಮಗಳು ಗವಸು ಹಿಡಿದು ಬಂದಳು. ದರ್ಗಾದ ಕಚೇರಿಯ ರೆಕಾರ್ಡು ಹಿಂದಿನ ದಿನವಷ್ಟೇ ತಲುಪಿತ್ತು. "ಮೊದಲು ಅವ್ವನ ದನಿ ಕೇಳೂಣು," ಎಂದೆ.

ಸೂಜಿ ಇಳಿಯಿತು. ನೇರವಾಗಿ ಆಲಾಪ. ಶ್ರುತಿ ಹೊಂದಿಸಿದ್ದು, ಮಾತು, ನಗು ಒಂದೂ ಇಲ್ಲ.

"ರೆಕಾರ್ಡಿನವರು ಸ್ವಚ್ಛ ಮಾಡ್ಯಾರಪ್ಪಾ," ಎಂದಳು ಮಗಳು. "ಅವರಿಗೇನ ಗೊತ್ತು?"

ಯಂತ್ರ ನಿಲ್ಲಿಸಲು ಎದ್ದೆ.

"ಥಾಂಬಾ, ತಡೀರಿ! ಮಗ್ಗಲಾ ಮುಗೀಲಿ. ಜನ್ಮ ಪೂರ್ತಿ ನಮ್ಮ ಮ್ಯಾಲೆ ನಡಿಸಿದ ಕಾಯ್ದೆ ಇವತ್ತ ನೀವ ಮುರೀತೀರೇನ್ರಿ?"

ಕುಳಿತೆ. ರೆಕಾರ್ಡಿನಲ್ಲಿ ಬಾಯಿ ತಾರ ಷಡ್ಜ ಮುಟ್ಟಿ ನಿಂತರು. ಆಗ ಅವರ ಹಿಂದಿನ ತಂಬೂರಿ ನಿಂತುಹೋಯಿತು. ಒಂದು ಉಸಿರಿನಷ್ಟು ಹೊತ್ತು. ಅಂದು ಇನ್ನೊಬ್ಬ ತಂಬೂರಿಯವರು ಬಂದಿರಲಿಲ್ಲ, ನನ್ನ ಹೆಂಡತಿಯೊಬ್ಬಳೇ. ಮಗಳು ಆಗ ಚಿಕ್ಕವಳು, ನನ್ನ ಕೈ ಬಿಡಿಸಿಕೊಂಡು ವೇದಿಕೆ ಹತ್ತಿ ಅವ್ವನ ಸೆರಗು ಜಗ್ಗಿದ್ದಳು. ಇವಳು ಮೀಟುವ ಕೈಯಿಂದಲೇ ಅವಳನ್ನು ತೊಡೆಗೆ ಒತ್ತಿ ಕೂಡಿಸಿ, ಮತ್ತೆ ತಂತಿಗೆ ಬೆರಳು ಹಾಕಿದ್ದಳು.

ಆ ನೆನಪನ್ನು ಹೇಳಿದೆ. ಮಗಳು ಕೇಳುತ್ತಿರಲಿಲ್ಲ, ಮೂಲೆಯನ್ನೇ ನೋಡುತ್ತಿದ್ದಳು. "ಅಪ್ಪಾ, ಅದು ನಿಂತಾಗ ಇದು ನುಡೀತು."

ನಾನೂ ಕೇಳಿದ್ದೆ. ಒಂದೇ ಶ್ರುತಿಯ ತಂತಿ ದೂರದ ಸ್ವರಕ್ಕೆ ತಾನಾಗಿ ಕಂಪಿಸುತ್ತದೆ; ಮಿರಜದ ತಂಬೂರಿ ಅಂಗಡಿಗಳಲ್ಲಿ ಅದು ದಿನನಿತ್ಯದ ಮಾತು. ಆಲಾಪದುದ್ದಕ್ಕೂ ಮೂಲೆಯ ತಂಬೂರಿ ಗುಂಯ್‌ಗುಟ್ಟುತ್ತಲೇ ಇದ್ದಿರಬೇಕು. ರೆಕಾರ್ಡಿನ ತಂಬೂರಿ ಸುಮ್ಮನಾದ ಆ ಖಾಲಿಯಲ್ಲಿ ಮಾತ್ರ ನಮ್ಮ ಕಿವಿಗೆ ಬಿದ್ದಿತ್ತು. ಇಷ್ಟೆಲ್ಲ ನನಗೆ ಗೊತ್ತು. ಆದರೂ ಆ ಮೂಲೆಗೆ ಬೆನ್ನು ಹಾಕಿ ಕೂರಲಾಗಲಿಲ್ಲ.

ಮಗ್ಗುಲು ಮುಗಿಯಿತು. ಮಗಳು ಹರಿಪುರದ ಶಿಷ್ಯೆಗೆ ಫೋನು ಹಚ್ಚಿ, "ತಂಗಿ, ನಿನಗ ಬ್ಯಾರೇ ತಂಬೂರಿ ನೋಡೂಣು," ಎಂದಳು. ಗವಸನ್ನು ಮಡಚಿ ಚೀಲದಲ್ಲಿ ಹಾಕಿಕೊಂಡಳು.

ಮರುದಿನ ಸ್ನಾನ ಮುಗಿಸಿ, ತಂಬೂರಿಯ ಶ್ರುತಿ ನೋಡಿ ಕುಳಿತೆ. ಎರಡನೆಯ ಮಗ್ಗುಲಿನ ಸರದಿ. ಮೊದಲನೆಯದನ್ನೇ ಹಾಕಿದೆ.